ವೇಳಾಪಟ್ಟಿಗೆ ಒಪ್ಪಿಗೆ ಇತ್ತು, ಹಾರಿಸುವ ಶಕ್ತಿ ಇರಲಿಲ್ಲ

2025ರ ಡಿಸೆಂಬರ್ ಮೊದಲ ವಾರದಲ್ಲಿ ದೇಶದ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಸಾವಿರಾರು ಪ್ರಯಾಣಿಕರು ರಾತ್ರಿಯಿಡೀ ನೆಲದ ಮೇಲೆ ಕುಳಿತು ಕಾಯಬೇಕಾಯಿತು. ಡಿಸೆಂಬರ್ 5ರಂದು ಒಂದೇ ದಿನ ಇಂಡಿಗೊ ಸಂಸ್ಥೆಯ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಮದುವೆ, ಪರೀಕ್ಷೆ, ಆಸ್ಪತ್ರೆ, ಕೆಲಸದ ಸಂದರ್ಶನ ಎಂದು ಹೊರಟಿದ್ದವರು ದಿಕ್ಕು ತೋಚದಂತಾದರು. ಪೈಲಟ್‌ಗಳ ವಿಶ್ರಾಂತಿಗೆ ಸಂಬಂಧಿಸಿದ ಹೊಸ ನಿಯಮಗಳು ನವೆಂಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂದಿದ್ದವು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತ್ತು, ರಾತ್ರಿ ವೇಳೆ ಪೈಲಟ್ ಮಾಡಬಹುದಾದ ಲ್ಯಾಂಡಿಂಗ್‌ಗಳ ಸಂಖ್ಯೆ ಆರರಿಂದ ಎರಡಕ್ಕೆ ಇಳಿದಿತ್ತು. ಈ ಬದಲಾವಣೆಗೆ ಕಂಪನಿ ತಯಾರಾಗಿರಲಿಲ್ಲ ಎನ್ನುವ ಮಾತು ಎಲ್ಲೆಡೆ ಕೇಳಿಬಂತು, ಅದು ನಿಜವೂ ಹೌದು. ಆದರೆ ಆ ಗದ್ದಲದಲ್ಲಿ ಒಂದು ಪ್ರಶ್ನೆ ಬದಿಗೆ ಸರಿಯಿತು. ಅಷ್ಟೊಂದು ಹಾರಾಟ ನಡೆಸಲು ಆ ಕಂಪನಿಗೆ ಒಪ್ಪಿಗೆ ಕೊಟ್ಟಿದ್ದು ಯಾರು, ಮತ್ತು ಏನನ್ನು ನೋಡಿ ಕೊಟ್ಟರು?

ಇದಕ್ಕೆ ಉತ್ತರ ಡಿಜಿಸಿಎ ಎಂದೇ ಪರಿಚಿತವಾದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಬಿಕ್ಕಟ್ಟಿನ ನಂತರ ಹೊರಡಿಸಿದ ಆದೇಶದಲ್ಲೇ ಇದೆ. ಆ ಚಳಿಗಾಲದ ವೇಳಾಪಟ್ಟಿಯಲ್ಲಿ ಇಂಡಿಗೊಗೆ ವಾರಕ್ಕೆ 15,014 ಹಾರಾಟಗಳಿಗೆ, ಅಂದರೆ ನವೆಂಬರ್ ತಿಂಗಳಿಗೆ 64,346 ಹಾರಾಟಗಳಿಗೆ ಅನುಮೋದನೆ ಸಿಕ್ಕಿತ್ತು. ಆ ತಿಂಗಳು ನಿಜವಾಗಿ ಹಾರಿದ್ದು 59,438. ಒಪ್ಪಿಗೆಯ ಲೆಕ್ಕ 403 ವಿಮಾನಗಳದಾಗಿದ್ದರೆ ನವೆಂಬರ್‌ನಲ್ಲಿ ಸೇವೆಯಲ್ಲಿದ್ದದ್ದು 344 ಮಾತ್ರ. ಅಂದರೆ ಡಿಸೆಂಬರ್‌ನ ಕುಸಿತಕ್ಕೂ ಮೊದಲೇ, ಯಾರೂ ಗಮನಿಸದ ನವೆಂಬರ್‌ನಲ್ಲೇ, ಕಾಗದದ ಮೇಲಿನ ವೇಳಾಪಟ್ಟಿಗೂ ಆಕಾಶದಲ್ಲಿದ್ದ ವಿಮಾನಗಳಿಗೂ ಸುಮಾರು ಐದು ಸಾವಿರ ಹಾರಾಟಗಳ ಅಂತರವಿತ್ತು. ಕಂಪನಿಗೆ ಈ ವೇಳಾಪಟ್ಟಿಯನ್ನು ಸಮರ್ಥವಾಗಿ ನಡೆಸುವ ಶಕ್ತಿ ಕಂಡುಬಂದಿಲ್ಲ ಎಂದು ನಿಯಂತ್ರಕರೇ ಬರೆದರು. ಒಪ್ಪಿಗೆ ಕೊಡುವ ಮೊದಲು ಪರಿಶೀಲಿಸಬೇಕಾಗಿದ್ದ ಸಂಗತಿ ದಂಡನೆಯ ಆದೇಶದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು ಎನ್ನುವುದೇ ನನ್ನನ್ನು ಕಾಡುವ ವಿಷಯ.

ಹಾಗಾದರೆ ಒಂದು ಮಾರ್ಗದಲ್ಲಿ ವಿಮಾನ ಓಡಿಸಲು ಸರ್ಕಾರದ ಒಪ್ಪಿಗೆ ಹೇಗೆ ಸಿಗುತ್ತದೆ? ಹೊಸ ಕಂಪನಿಗೆ ಮೊದಲು ನಾಗರಿಕ ವಿಮಾನಯಾನ ಸಚಿವಾಲಯದ ನಿರಾಕ್ಷೇಪಣಾ ಪತ್ರ ಬೇಕು. ಅನಂತರ ಡಿಜಿಸಿಎ ಐದು ಹಂತಗಳಲ್ಲಿ ದಾಖಲೆ, ತರಬೇತಿ, ನಿರ್ವಹಣೆ, ಪ್ರಾಯೋಗಿಕ ಹಾರಾಟ ಎಲ್ಲವನ್ನೂ ಪರೀಕ್ಷಿಸಿ ಏರ್ ಆಪರೇಟರ್ ಸರ್ಟಿಫಿಕೇಟ್ ಕೊಡುತ್ತದೆ. ಆಕಾಸ ಏರ್‌ಗೆ ಈ ಪ್ರಮಾಣಪತ್ರ ಸಿಕ್ಕಿದ್ದು 2022ರ ಜುಲೈನಲ್ಲಿ, ಅದರ ಮೊದಲ ವಿಮಾನ ಮುಂಬೈನಿಂದ ಅಹಮದಾಬಾದ್‌ಗೆ ಹೊರಟಿದ್ದು ಆಗಸ್ಟ್ 7ರಂದು. ಈ ಘಟ್ಟದ ತನಕ ಪರಿಶೀಲನೆ ನಿಜಕ್ಕೂ ಕಠಿಣವಾಗಿರುತ್ತದೆ, ಸುರಕ್ಷತೆಯ ದೃಷ್ಟಿಯಿಂದ ಹಾಗಿರುವುದೇ ಸರಿ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಕಥೆ ಬದಲಾಗುತ್ತದೆ. ವರ್ಷಕ್ಕೆ ಎರಡು ವೇಳಾಪಟ್ಟಿಗಳಿವೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಶನಿವಾರದವರೆಗೆ ಬೇಸಿಗೆಯದು, ಉಳಿದ ಅವಧಿಗೆ ಚಳಿಗಾಲದ್ದು. ಕಂಪನಿಗಳು ತಮಗೆ ಬೇಕಾದ ಹೊತ್ತಿಗೆ ನಿಲ್ದಾಣಗಳಲ್ಲಿ ಸ್ಲಾಟ್, ಅಂದರೆ ವಿಮಾನ ಇಳಿಯಲು ಮತ್ತು ಹೊರಡಲು ಗೊತ್ತುಪಡಿಸಿದ ಸಮಯ, ಕೇಳುತ್ತವೆ. ಬೆಂಗಳೂರು, ದೆಹಲಿಯಂಥ ಕಡೆ ಖಾಸಗಿ ನಿರ್ವಾಹಕರು, ಉಳಿದ ಹಲವೆಡೆ ವಿಮಾನ ನಿಲ್ದಾಣ ಪ್ರಾಧಿಕಾರ ಅವುಗಳನ್ನು ಹಂಚುತ್ತವೆ. ಬೀದರ್‌ನಂಥ ನಿಲ್ದಾಣದ ರನ್‌ವೇ ವಾಯುಪಡೆಯದಾದ್ದರಿಂದ ಅಲ್ಲಿ ಸೇನೆಯ ಒಪ್ಪಿಗೆಯೂ ಬೇಕು. ಎಲ್ಲ ಕಡೆಯ ಸ್ಲಾಟ್ ಹೊಂದಿಕೊಂಡ ಮೇಲೆ ಪಟ್ಟಿ ಡಿಜಿಸಿಎ ಮುಂದೆ ಬರುತ್ತದೆ, ಅಲ್ಲಿ ಅನುಮೋದನೆ ಸಿಗುತ್ತದೆ. ಯಾವ ಮಾರ್ಗದಲ್ಲಿ ಹಾರಬೇಕು, ದಿನಕ್ಕೆ ಎಷ್ಟು ಸಲ ಹಾರಬೇಕು ಎನ್ನುವುದು ಬಹುಮಟ್ಟಿಗೆ ಕಂಪನಿಯದೇ ತೀರ್ಮಾನ. ಎಷ್ಟು ಪೈಲಟ್‌ಗಳಿದ್ದಾರೆ, ಹೊಸ ವಿಶ್ರಾಂತಿ ನಿಯಮದಡಿ ಅವರು ತಿಂಗಳಿಗೆ ಎಷ್ಟು ಗಂಟೆ ಹಾರಬಲ್ಲರು, ಕೇಳಿರುವ ಹಾರಾಟಗಳಿಗೆ ಅದು ಸಾಲುತ್ತದೆಯೇ ಎಂಬ ಸರಳ ಗುಣಾಕಾರವನ್ನು ಈ ಹಂತದಲ್ಲಿ ಯಾರಾದರೂ ಮಾಡಿದ್ದರೆ 2025ರ ಚಳಿಗಾಲದ ಪಟ್ಟಿ ಹಾಗೇ ಹೊರಬರುತ್ತಿರಲಿಲ್ಲ. ವಿಶ್ರಾಂತಿ ನಿಯಮ ರೂಪಿಸಿದ್ದೂ ವೇಳಾಪಟ್ಟಿಗೆ ಒಪ್ಪಿಗೆ ಕೊಟ್ಟಿದ್ದೂ ಒಂದೇ ಕಚೇರಿ. ಆ ನಿಯಮ 2024ರ ಜನವರಿಯಲ್ಲೇ ಪ್ರಕಟವಾಗಿದ್ದರಿಂದ ದಿಢೀರನೆ ಬಂತು ಎನ್ನಲೂ ಆಗದು.

ಹಾಗೆಂದು ಡಿಜಿಸಿಎಯ ಅಧಿಕಾರಿಗಳ ಮೇಲೆ ಮಾತ್ರ ತಪ್ಪು ಹೊರಿಸಿದರೆ ಅನ್ಯಾಯವಾಗುತ್ತದೆ. ಅಲ್ಲಿ ಮಂಜೂರಾದ ಹುದ್ದೆಗಳಲ್ಲಿ ಅರ್ಧದಷ್ಟು ಖಾಲಿ ಇವೆ ಎಂದು ಸಂಸತ್ತಿನ ಸ್ಥಾಯಿ ಸಮಿತಿ ಬಿಕ್ಕಟ್ಟಿಗೆ ಕೆಲವೇ ತಿಂಗಳ ಹಿಂದೆ ಎಚ್ಚರಿಸಿತ್ತು. ವಾರಕ್ಕೆ ಸಾವಿರಗಟ್ಟಲೆ ಹಾರಾಟಗಳ ಪಟ್ಟಿಯನ್ನು ಅರ್ಧ ಬಲದ ಕಚೇರಿ ಪರಿಶೀಲಿಸುವಾಗ ಮೊಹರು ಬೀಳುತ್ತದೆಯೇ ಹೊರತು ಪರಿಶೀಲನೆ ನಡೆಯುವುದಿಲ್ಲ.

ಸರ್ಕಾರ ಯಾವಾಗಲೂ ಇಷ್ಟು ಸಡಿಲವಾಗಿರಲಿಲ್ಲ. 1953ರ ವಾಯು ನಿಗಮಗಳ ಕಾಯ್ದೆಯ ಮೂಲಕ ಖಾಸಗಿ ಕಂಪನಿಗಳನ್ನೆಲ್ಲ ರಾಷ್ಟ್ರೀಕರಿಸಿ, ದೇಶದೊಳಗೆ ಇಂಡಿಯನ್ ಏರ್‌ಲೈನ್ಸ್, ಹೊರಗೆ ಏರ್ ಇಂಡಿಯಾ ಎಂದು ಹಂಚಲಾಯಿತು. ಯಾವ ಊರಿಗೆ ವಿಮಾನ, ಎಷ್ಟು ದರಕ್ಕೆ ಎನ್ನುವುದೆಲ್ಲ ಆಗ ದೆಹಲಿಯ ತೀರ್ಮಾನ. 1994ರಲ್ಲಿ ಆ ಕಾಯ್ದೆ ರದ್ದಾಗಿ ಮಾರುಕಟ್ಟೆ ತೆರೆದುಕೊಂಡಿತು. ಅದೇ ವರ್ಷ ಮಾರ್ಚ್‌ನಲ್ಲಿ ಸರ್ಕಾರ ಮಾರ್ಗ ಹಂಚಿಕೆಯ ಮಾರ್ಗಸೂಚಿಯನ್ನೂ ತಂದಿತು. ಲಾಭದ ಮಾರ್ಗಗಳಲ್ಲಿ ಹಾರುವವರು ಲಾಭವಿಲ್ಲದ ಕಡೆಗೂ ಒಂದಿಷ್ಟು ಹಾರಬೇಕು ಎನ್ನುವುದು ಅದರ ಆಶಯ. ದೆಹಲಿ–ಮುಂಬೈ, ಮುಂಬೈ–ಬೆಂಗಳೂರು, ದೆಹಲಿ–ಬೆಂಗಳೂರು ಸೇರಿದಂತೆ ಹನ್ನೆರಡು ಪ್ರಮುಖ ಮಾರ್ಗಗಳನ್ನು ಮೊದಲ ವರ್ಗದಲ್ಲಿ ಇಡಲಾಯಿತು. ಈಶಾನ್ಯ ರಾಜ್ಯಗಳು, ಜಮ್ಮು–ಕಾಶ್ಮೀರ, ಅಂಡಮಾನ್, ಲಕ್ಷದ್ವೀಪಗಳ ಸಂಪರ್ಕ ಎರಡನೆಯ ವರ್ಗ, ಆ ಪ್ರದೇಶಗಳ ಒಳಗಿನ ಹಾರಾಟಗಳು ಅದರ ಉಪವರ್ಗ, ಮಿಕ್ಕಿದ್ದೆಲ್ಲ ಮೂರನೆಯ ವರ್ಗ. ಮೊದಲ ವರ್ಗದಲ್ಲಿ ಒದಗಿಸಿದ ಸಾಮರ್ಥ್ಯದ ಶೇ 10ರಷ್ಟನ್ನು ಎರಡನೆಯದರಲ್ಲಿ, ಶೇ 50ರಷ್ಟನ್ನು ಮೂರನೆಯದರಲ್ಲಿ ಒದಗಿಸಬೇಕಿತ್ತು. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿ ಮೂರನೆಯ ವರ್ಗದ ಪಾಲನ್ನು ಶೇ 35ಕ್ಕೆ ಇಳಿಸಿತು. ಜೊತೆಗೆ 700 ಕಿ.ಮೀ.ಗಿಂತ ಹೆಚ್ಚು ದೂರ, ಶೇ 70ಕ್ಕಿಂತ ಹೆಚ್ಚು ಆಸನ ಭರ್ತಿ, ವರ್ಷಕ್ಕೆ 5 ಲಕ್ಷಕ್ಕಿಂತ ಹೆಚ್ಚು ಪ್ರಯಾಣಿಕರು ಇರುವ ಮಾರ್ಗಗಳನ್ನು ಮೊದಲ ವರ್ಗಕ್ಕೆ ಸೇರಿಸುವ ಮಾನದಂಡವನ್ನು ನಿಗದಿಪಡಿಸಿತು.

ಈಶಾನ್ಯದ ಮಟ್ಟಿಗೆ ಈ ನಿಯಮ ಒಳ್ಳೆಯದನ್ನೇ ಮಾಡಿದೆ, ಏಕೆಂದರೆ ಅಲ್ಲಿ ಪ್ರದೇಶದ ಹೆಸರನ್ನೇ ಹಿಡಿದು ಹೇಳಲಾಗಿದೆ. ತೊಡಕಿರುವುದು ಮೂರನೆಯ ವರ್ಗದಲ್ಲಿ. ಕರ್ನಾಟಕದ ಸಣ್ಣ ಊರುಗಳೆಲ್ಲ ಬರುವುದು ಇದೇ ವರ್ಗಕ್ಕೆ. ಆದರೆ ದಿನವಿಡೀ ವಿಮಾನ ಓಡಾಡುವ ಬೆಂಗಳೂರು–ಹೈದರಾಬಾದ್, ಬೆಂಗಳೂರು–ಚೆನ್ನೈ ಮಾರ್ಗಗಳೂ 700 ಕಿ.ಮೀ.ಗಿಂತ ಕಡಿಮೆ ದೂರದ ಕಾರಣ ಮೊದಲ ವರ್ಗದ ಮಾನದಂಡಕ್ಕೆ ಹೊಂದದೆ ಇಲ್ಲೇ ಉಳಿಯುತ್ತವೆ. ಸಾಮರ್ಥ್ಯವನ್ನು ಅಳೆಯುವುದು ಆಸನ ಮತ್ತು ಕಿಲೊಮೀಟರ್‌ಗಳ ಗುಣಲಬ್ಧದಿಂದ. 180 ಆಸನಗಳ ಏರ್‌ಬಸ್ ಹೈದರಾಬಾದ್‌ಗೆ ಒಂದು ಸುತ್ತು ಹೆಚ್ಚು ಹೋಗಿಬಂದರೆ, ಎಪ್ಪತ್ತು ಚಿಲ್ಲರೆ ಆಸನಗಳ ಎಟಿಆರ್ ಕಲಬುರಗಿಗೆ ಎರಡು ಸಲ ಹೋಗಿಬಂದರೂ ಸಿಗದಷ್ಟು ಅಂಕ ಸಿಗುತ್ತದೆ. ಬಾಧ್ಯತೆ ಅಕ್ಷರಶಃ ಈಡೇರುತ್ತದೆ, ಕಲಬುರಗಿಗೆ ವಿಮಾನ ಬರಲೇಬೇಕೆಂದಿಲ್ಲ. ನಿಯಮವನ್ನು ಮುರಿಯುವವರು ಇಲ್ಲಿ ಯಾರೂ ಇಲ್ಲ. ನಿಯಮದ ರಚನೆಯೇ ಹಾಗಿದೆ.

ಈ ಕೊರತೆಯನ್ನು ತುಂಬಲೆಂದೇ 2016ರ ಅಕ್ಟೋಬರ್‌ನಲ್ಲಿ ಉಡಾನ್ ಯೋಜನೆ ಬಂತು. 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಮೊದಲ ವಿಮಾನ ಹಾರಿತು. ಕಡ್ಡಾಯಪಡಿಸುವ ಬದಲು ಇಲ್ಲಿ ಹರಾಜಿನ ದಾರಿ ಹಿಡಿಯಲಾಯಿತು. ಯಾವ ಕಂಪನಿ ಕಡಿಮೆ ಅನುದಾನ ಕೇಳುತ್ತದೋ ಅದಕ್ಕೆ ಮಾರ್ಗ, ಮೂರು ವರ್ಷ ಆ ಮಾರ್ಗದಲ್ಲಿ ಅದರದೇ ಹಕ್ಕು, ಮೂರು ವರ್ಷ ನಷ್ಟ ಭರ್ತಿಯ ಅನುದಾನ. ಪ್ರತಿಯಾಗಿ ಅರ್ಧದಷ್ಟು ಆಸನಗಳನ್ನು, ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಆಸುಪಾಸಿನ ಮಿತಿಯೊಳಗೆ ಮಾರಬೇಕು. ಅನುದಾನದ ದೊಡ್ಡ ಪಾಲು ಪ್ರಮುಖ ಮಾರ್ಗಗಳಲ್ಲಿ ಹಾರುವ ವಿಮಾನಗಳ ಮೇಲೆ ಹಾಕಿದ ಸುಂಕದಿಂದ ಬರುತ್ತದೆ, ಶೇ 20ರಷ್ಟನ್ನು ಬಹುತೇಕ ರಾಜ್ಯಗಳು ತಾವೇ ಕೊಡಬೇಕು. ಹಾಗಾಗಿ ದೆಹಲಿಗೆ ಟಿಕೆಟ್ ಕೊಳ್ಳುವ ಬೆಂಗಳೂರಿನ ಪ್ರಯಾಣಿಕ ತನಗೇ ಗೊತ್ತಿಲ್ಲದೆ ಬೀದರ್‌ನ ವಿಮಾನಕ್ಕೆ ಒಂದಿಷ್ಟು ಹಣ ಕೊಟ್ಟಿರುತ್ತಾನೆ. ಇದರಲ್ಲಿ ನನಗೆ ಯಾವ ತಪ್ಪೂ ಕಾಣುವುದಿಲ್ಲ. ಆ ಹಣ ಏನಾಯಿತು ಎಂದು ಕೇಳುವ ಹಕ್ಕು ಮಾತ್ರ ಅವನಿಗೂ ಬೀದರ್‌ನ ಪ್ರಯಾಣಿಕನಿಗೂ ಇದೆ.

ಮಹಾಲೇಖಪಾಲರ ವರದಿ 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದಾಗ ಅದಕ್ಕೆ ಉತ್ತರ ಸಿಕ್ಕಿತು. ಮೂರನೆಯ ಸುತ್ತಿನವರೆಗೆ ಹಂಚಿಕೆಯಾದ 774 ಮಾರ್ಗಗಳಲ್ಲಿ 403ರಲ್ಲಿ ವಿಮಾನ ಹಾರಲೇ ಇಲ್ಲ. ಹಾರಾಟ ಶುರುವಾದ 371ರಲ್ಲಿ ಮೂರು ವರ್ಷದ ಅವಧಿ ಪೂರೈಸಿದ್ದು 112. ಅನುದಾನ ಮುಗಿದ ಮೇಲೂ 2023ರ ಮಾರ್ಚ್ ಹೊತ್ತಿಗೆ ಉಳಿದಿದ್ದು 54. ಹರಾಜಿನ ದಿನ ನೂರಾರು ಊರುಗಳ ಹೆಸರು ಪತ್ರಿಕೆಗಳ ಮುಖಪುಟದಲ್ಲಿ ಬಂದಿತ್ತು, ಮಾರ್ಗ ನಿಂತುಹೋದ ದಿನ ಯಾರೂ ಪ್ರಕಟಣೆ ಹೊರಡಿಸಲಿಲ್ಲ.

ಬೀದರ್‌ನ ಅನುಭವವನ್ನೇ ತೆಗೆದುಕೊಳ್ಳಿ. 2020ರ ಫೆಬ್ರುವರಿಯಲ್ಲಿ ಟ್ರೂಜೆಟ್ ಬೆಂಗಳೂರಿಗೆ ಸೇವೆ ಆರಂಭಿಸಿತು. ಮರು ತಿಂಗಳೇ ಕೋವಿಡ್ ಬಂತು, ಎರಡು ವರ್ಷದಲ್ಲಿ ಆ ಕಂಪನಿಯೇ ಹಾರಾಟ ನಿಲ್ಲಿಸಿತು. 2022ರಲ್ಲಿ ಸ್ಟಾರ್ ಏರ್ ಬಂದು ಸೇವೆ ಮುಂದುವರಿಸಿತು, ಅದೂ ನಿಂತಿತು. ರಾಜ್ಯ ಸರ್ಕಾರ ನಷ್ಟ ತುಂಬಿಕೊಡಲು ಒಪ್ಪಿದ ಮೇಲೆ 2025ರ ಏಪ್ರಿಲ್‌ನಲ್ಲಿ ಮತ್ತೆ ಆರಂಭವಾಯಿತು. ರಾಜಧಾನಿಯಿಂದ ಸುಮಾರು 700 ಕಿ.ಮೀ. ದೂರದಲ್ಲಿರುವ, ರೈಲಿನಲ್ಲಿ ಒಂದು ರಾತ್ರಿಯೇ ಬೇಕಾಗುವ ಜಿಲ್ಲಾ ಕೇಂದ್ರಕ್ಕೆ ವಿಮಾನ ಸಂಪರ್ಕ ಆಡಂಬರವಲ್ಲ. ಬೆಂಗಳೂರಿನ ಆಸ್ಪತ್ರೆಗೆ ತಂದೆಯನ್ನು ಪ್ರತಿ ತಿಂಗಳು ಕರೆದೊಯ್ಯಬೇಕಾದವರಿಗೆ ಟಿಕೆಟ್ ಅಗ್ಗವಾಗಿರುವುದು ಎಷ್ಟು ಮುಖ್ಯವೋ, ಮುಂದಿನ ತಿಂಗಳೂ ವಿಮಾನ ಇರುತ್ತದೆ ಎಂಬ ಭರವಸೆ ಅಷ್ಟೇ ಮುಖ್ಯ. ಇಂದು ಇದೆ, ನಾಳೆ ಇಲ್ಲ ಎನ್ನುವ ಸೇವೆಯನ್ನು ನಂಬಿ ಜನ ತಮ್ಮ ಪ್ರಯಾಣದ ರೂಢಿಯನ್ನು ಬದಲಿಸಿಕೊಳ್ಳುವುದಿಲ್ಲ. ಅವರು ರೂಢಿ ಬದಲಿಸದಿದ್ದರೆ ಆಸನ ತುಂಬುವುದಿಲ್ಲ. ಆಸನ ತುಂಬಲಿಲ್ಲವೆಂದು ಸೇವೆ ನಿಲ್ಲುತ್ತದೆ.

ಶಿವಮೊಗ್ಗದ ಸಂಗತಿ ಬೇರೆ. 3,200 ಮೀಟರ್ ಉದ್ದದ ರನ್‌ವೇ ಇರುವ ಆ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು, ಮೊದಲ ಪ್ರಯಾಣಿಕ ವಿಮಾನ ಬಂದಿದ್ದು ಆಗಸ್ಟ್ 31ರಂದು. ಬೆಂಗಳೂರಿಗೆ ರೈಲು, ರಸ್ತೆ ಎರಡೂ ಚೆನ್ನಾಗಿರುವುದರಿಂದ, ನಿಲ್ದಾಣ ತಲುಪಿ, ತಪಾಸಣೆ ಮುಗಿಸಿ, ದೇವನಹಳ್ಳಿಯಿಂದ ಮತ್ತೆ ನಗರಕ್ಕೆ ಬರುವ ಹೊತ್ತನ್ನು ಸೇರಿಸಿದರೆ ಈ ಮಾರ್ಗದಲ್ಲಿ ವಿಮಾನದಿಂದ ಉಳಿಯುವ ಸಮಯ ಅಷ್ಟಕ್ಕಷ್ಟೆ. ಮಲೆನಾಡಿಗೆ ನಿಜವಾಗಿ ಬೇಕಿರುವುದು ಹೈದರಾಬಾದ್, ಗೋವಾ, ಚೆನ್ನೈ, ಮುಂಬೈಗಳ ನೇರ ಸಂಪರ್ಕ. ಊರಿಂದೂರಿಗೆ ಬದಲಾಗುವ ಇಂಥ ಅಗತ್ಯವನ್ನು ಕಂಪನಿಗಳು ಸಲ್ಲಿಸುವ ಹರಾಜಿನ ಅರ್ಜಿಯಿಂದ ಅಳೆಯಲು ಸಾಧ್ಯವಿಲ್ಲ. ಜಿಲ್ಲೆಯ ಜನ ಎಲ್ಲಿಗೆ ಹೋಗುತ್ತಾರೆ ಎನ್ನುವುದು ರೈಲ್ವೆ ಮತ್ತು ರಾಜ್ಯದ ಸಾರಿಗೆ ಸಂಸ್ಥೆಗಳ ಬಳಿ ಇರುವ ರೈಲು ಮತ್ತು ಬಸ್ ಪ್ರಯಾಣದ ಲೆಕ್ಕದಿಂದ ಎಷ್ಟೋ ಚೆನ್ನಾಗಿ ತಿಳಿಯುತ್ತದೆ.

ದೇಶದ ಗಡಿ ದಾಟಿದರೆ ಸರ್ಕಾರದ ಹಿಡಿತ ಸಡಿಲವಲ್ಲ, ತೀರಾ ಬಿಗಿ. 1944ರ ಷಿಕಾಗೊ ಒಪ್ಪಂದದ ಪ್ರಕಾರ ಪ್ರತಿ ದೇಶಕ್ಕೂ ತನ್ನ ಆಕಾಶದ ಮೇಲೆ ಪೂರ್ಣ ಅಧಿಕಾರವಿದೆ, ಅನುಮತಿ ಇಲ್ಲದೆ ಇನ್ನೊಂದು ದೇಶದ ನಿಗದಿತ ವಿಮಾನ ಸೇವೆ ಬರುವಂತಿಲ್ಲ. ಹಾಗಾಗಿ ಎರಡು ದೇಶಗಳು ಕುಳಿತು ವಾರಕ್ಕೆ ಎಷ್ಟು ಆಸನ, ಯಾವ ಯಾವ ಊರುಗಳಿಗೆ ಎಂದು ಒಪ್ಪಂದ ಮಾಡಿಕೊಳ್ಳುತ್ತವೆ. ದುಬೈ ಜೊತೆಗಿನ ಒಪ್ಪಂದದಲ್ಲಿ ಎರಡೂ ಕಡೆಗೆ ವಾರಕ್ಕೆ ತಲಾ ಸುಮಾರು 65 ಸಾವಿರ ಆಸನಗಳ ಮಿತಿ 2014ರಿಂದ ಇದೆ. ಇದನ್ನು ಹೆಚ್ಚಿಸಬೇಕೆಂದು ದುಬೈ ಬಹುಕಾಲದಿಂದ ಕೇಳುತ್ತಿದೆ. ಕೊಲ್ಲಿಯ ಕಂಪನಿಗಳು ಭಾರತದ ಪ್ರಯಾಣಿಕರನ್ನು ತಮ್ಮ ನಿಲ್ದಾಣದ ಮೂಲಕ ಯುರೋಪ್, ಅಮೆರಿಕಗಳಿಗೆ ಸಾಗಿಸಿ ಲಾಭ ಮಾಡಿಕೊಳ್ಳುತ್ತವೆ, ಅದರಿಂದ ನಮ್ಮ ಕಂಪನಿಗಳು ದೂರದ ಮಾರ್ಗಗಳಲ್ಲಿ ಬೆಳೆಯಲಾರವು ಎನ್ನುವುದು ಭಾರತ ಸರ್ಕಾರದ ವಾದ.

ದೆಹಲಿ, ಮುಂಬೈ, ಬೆಂಗಳೂರಿನ ಮಟ್ಟಿಗೆ ಈ ವಾದದಲ್ಲಿ ತೂಕವಿದೆ. ಮಂಗಳೂರಿಗೆ ಅದನ್ನೇ ಹಚ್ಚಿದಾಗ ಹೊಂದುವುದಿಲ್ಲ. ಕರಾವಳಿಯ ಸಾವಿರಾರು ಕುಟುಂಬಗಳ ಬದುಕು ಕೊಲ್ಲಿ ದೇಶಗಳ ದುಡಿಮೆಯ ಮೇಲೆ ನಿಂತಿದೆ. 2006ರಿಂದ ಅಲ್ಲಿಗೆ ನೇರ ವಿಮಾನವಿದ್ದರೂ, 2012ರಲ್ಲೇ ಅಂತರರಾಷ್ಟ್ರೀಯ ನಿಲ್ದಾಣದ ಮಾನ್ಯತೆ ಬಂದಿದ್ದರೂ, ವಿದೇಶಿ ಕಂಪನಿಗಳು ಮಂಗಳೂರಿಗೆ ಬರಲು ಬೇಕಾದ ‘ಪಾಯಿಂಟ್ ಆಫ್ ಕಾಲ್’ ಮಾನ್ಯತೆ ಸಿಕ್ಕಿಲ್ಲ. ಬೆಟ್ಟದ ಮೇಲಿನ 2,450 ಮೀಟರ್ ರನ್‌ವೇಗೆ ಬರುವುದು ಸಣ್ಣ ವಿಮಾನಗಳೇ. ಅಲ್ಲಿ ಹತ್ತುವವರಲ್ಲಿ ಹೆಚ್ಚಿನವರು ದುಬೈ, ಅಬುಧಾಬಿ, ದಮ್ಮಾಮ್‌ಗಳಲ್ಲಿ ಇಳಿದು ಕೆಲಸಕ್ಕೆ ಹೋಗುವವರು, ಅಲ್ಲಿಂದ ನ್ಯೂಯಾರ್ಕ್‌ಗೆ ಹಾರುವವರಲ್ಲ. ಇವರನ್ನು ಒಂದೆರಡು ಭಾರತೀಯ ಕಂಪನಿಗಳ ಕೈಗೆ ಒಪ್ಪಿಸಿ ದೂರದ ಮಾರ್ಗಗಳ ನೀತಿಯನ್ನು ಕಾಪಾಡುತ್ತೇವೆ ಎನ್ನುವುದು ಒಪ್ಪುವ ಮಾತಲ್ಲ. ರಂಜಾನ್, ಕ್ರಿಸ್‌ಮಸ್, ಬೇಸಿಗೆ ರಜೆ ಬಂದಾಗ ಊರಿಗೆ ಬರುವ ಟಿಕೆಟ್‌ನ ದರ ಏರುವುದನ್ನು ಕರಾವಳಿಯ ಪ್ರತಿ ಮನೆಯೂ ಬಲ್ಲದು. ಕಣ್ಣೂರಿನವರ ಬೇಡಿಕೆಯೂ ಇದೇ. ಎರಡೂ ಊರುಗಳಿಗೆ ಸೀಮಿತ ಆಸನಗಳ ಮಟ್ಟಿಗೆ, ಕೊಲ್ಲಿಗಷ್ಟೇ ಎಂಬ ಷರತ್ತಿನೊಂದಿಗೆ ಅನುಮತಿ ಕೊಟ್ಟರೆ ಸರ್ಕಾರ ಹೇಳುವ ಅಪಾಯ ಯಾವುದೂ ಎದುರಾಗದು.

ಇನ್ನು ದರದ ವಿಷಯ. ನಿಯಮದಂತೆ ಕಂಪನಿಗಳು ವೆಚ್ಚ, ಸೇವೆಯ ಸ್ವರೂಪ, ಸಮಂಜಸ ಲಾಭಗಳನ್ನು ಗಮನದಲ್ಲಿಟ್ಟು ತಾವೇ ದರ ನಿಗದಿ ಮಾಡುತ್ತವೆ, ಅತಿಯಾದಾಗ ಮಾತ್ರ ಡಿಜಿಸಿಎ ಮಧ್ಯೆ ಬರಬಹುದು. ಕೋವಿಡ್ ಕಾಲದಲ್ಲಿ 2020ರ ಮೇಯಿಂದ 2022ರ ಆಗಸ್ಟ್‌ವರೆಗೆ ಸರ್ಕಾರ ದರಕ್ಕೆ ಮಿತಿ ಹಾಕಿತ್ತು. ಡಿಸೆಂಬರ್ ಬಿಕ್ಕಟ್ಟಿನಲ್ಲೂ 500 ಕಿ.ಮೀ.ವರೆಗೆ 7,500 ರೂಪಾಯಿ, 1,500 ಕಿ.ಮೀ. ಮೀರಿದರೆ 18,000 ರೂಪಾಯಿ ಎಂದು ಮಿತಿ ಹಾಕಿತು. ತುರ್ತಿನಲ್ಲಿ ಅದು ಅಗತ್ಯವಿತ್ತು. ಆದರೆ ದೇಶದೊಳಗಿನ ಪ್ರಯಾಣಿಕರಲ್ಲಿ ನೂರಕ್ಕೆ ಸುಮಾರು 65 ಮಂದಿ ಒಂದೇ ಕಂಪನಿಯ ವಿಮಾನ ಹತ್ತುವಾಗ ದರದ ಮಿತಿ ಆ ಹೊತ್ತಿನ ಉಪಶಮನ ಅಷ್ಟೆ. ಆ ಕಂಪನಿಯ ವೇಳಾಪಟ್ಟಿಯಲ್ಲಿ ಮೂಡುವ ಬಿರುಕು ಇಡೀ ದೇಶದ ಸಂಚಾರದ ಬಿರುಕಾಗುತ್ತದೆ. ದೊಡ್ಡದಾದಷ್ಟೂ ಪರಿಶೀಲನೆ ಕಠಿಣವಾಗಬೇಕಿತ್ತು.

ಬಿಕ್ಕಟ್ಟಿನ ನಂತರ ಸರ್ಕಾರ ಮಾಡಿದ ಒಂದು ಕೆಲಸ ನನಗೆ ಮುಖ್ಯವಾಗಿ ಕಂಡಿತು. ಇಂಡಿಗೊದ ವೇಳಾಪಟ್ಟಿಯನ್ನು ಮೊದಲು ಶೇ 5, ಆಮೇಲೆ ಶೇ 10ರಷ್ಟು ಕಡಿತಗೊಳಿಸುವಾಗ, ಕಡಿತ ಹೆಚ್ಚು ಹಾರಾಟಗಳಿರುವ ಮಾರ್ಗಗಳಲ್ಲಿ ಆಗಲಿ, ಕಂಪನಿ ತಲುಪುತ್ತಿರುವ ಎಲ್ಲ ಊರುಗಳ ಸಂಪರ್ಕ ಉಳಿಯಲಿ ಎಂದು ಹೇಳಲಾಯಿತು. ಅಂದರೆ ಮನಸ್ಸು ಮಾಡಿದರೆ ಸರ್ಕಾರ ವೇಳಾಪಟ್ಟಿಯ ಒಳಗೆ ಕೈಹಾಕಿ, ಎಲ್ಲಿ ಕಡಿಮೆ ಮಾಡಬಹುದು, ಎಲ್ಲಿ ಮಾಡಬಾರದು ಎಂದು ಹೇಳಬಲ್ಲದು. 2025ರ ಜನವರಿಯಿಂದ ಜಾರಿಯಲ್ಲಿರುವ ಭಾರತೀಯ ವಾಯುಯಾನ ಅಧಿನಿಯಮಕ್ಕಾಗಲೀ, ಅದರಡಿ ಮುಂದುವರಿದಿರುವ ನಿಯಮಗಳಿಗಾಗಲೀ ಇದಕ್ಕೆ ತಿದ್ದುಪಡಿ ಬೇಕಾಗಲಿಲ್ಲ. ದಂಡನೆಯ ರೂಪದಲ್ಲಿ ಬಳಸಿದ ಈ ಅಧಿಕಾರವನ್ನು ವರ್ಷಕ್ಕೆ ಎರಡು ಸಲ ಒಪ್ಪಿಗೆ ಕೊಡುವ ಹೊತ್ತಿನಲ್ಲೇ ಬಳಸಬಹುದು. ಪ್ರತಿ ಕಂಪನಿ ಹಿಂದಿನ ಋತುವಿನಲ್ಲಿ ಒಪ್ಪಿಗೆ ಪಡೆದ ಹಾರಾಟಗಳೆಷ್ಟು, ಹಾರಿದ್ದೆಷ್ಟು, ಮುಂದಿನದಕ್ಕೆ ಅದರ ಬಳಿ ಇರುವ ಪೈಲಟ್‌ಗಳೆಷ್ಟು ಎಂಬ ಲೆಕ್ಕವನ್ನು ಊರುವಾರು ಪ್ರಕಟಿಸಿ, ಕೊರತೆ ಇದ್ದಷ್ಟು ಹಾರಾಟಗಳನ್ನು ತಡೆಹಿಡಿಯಬಹುದು. ಅನುದಾನದ ಮಾರ್ಗದಲ್ಲಿ ಸೇವೆ ನಿಲ್ಲಿಸುವವರು ಮೂರು ತಿಂಗಳ ಮುಂಚಿತ ಸಾರ್ವಜನಿಕ ಸೂಚನೆ ಕೊಡಬೇಕು, ಆ ಅವಧಿಯಲ್ಲಿ ಇನ್ನೊಬ್ಬರಿಗೆ ಮಾರ್ಗ ವಹಿಸಬೇಕು ಎಂಬ ಷರತ್ತನ್ನೂ ಸೇರಿಸಬಹುದು. ಮಾರ್ಗ ಹಂಚಿಕೆಯ ಮೂರನೆಯ ವರ್ಗದೊಳಗೆ ಮಹಾನಗರಗಳ ನಡುವಣ ಹಾರಾಟಗಳನ್ನು ಬೇರ್ಪಡಿಸಿ, ಸಣ್ಣ ಊರುಗಳ ಪಾಲನ್ನು ಪ್ರತ್ಯೇಕವಾಗಿ ಅಳೆಯಲು ಒಂದು ಆದೇಶ ಸಾಕು.

ಮುಂದಿನ ಹತ್ತು ವರ್ಷಗಳಲ್ಲಿ ಇನ್ನೂ 120 ಊರುಗಳಿಗೆ ವಿಮಾನ ಸಂಪರ್ಕ ಕಲ್ಪಿಸುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಆ ಪಟ್ಟಿಯಲ್ಲಿ ತಮ್ಮ ಊರು ಇರಲಿ ಎಂದು ವಿಜಯಪುರದವರೂ ರಾಯಚೂರಿನವರೂ ಆಸೆಪಡುವುದು ಸಹಜ. ಪಟ್ಟಿಗೆ ಹೆಸರು ಸೇರಿಸಲು ಒತ್ತಾಯಿಸುವ ನಮ್ಮ ಸಂಸದರು, ಹಾರಾಟ ಶುರುವಾಗಿ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಾಗ ಆ ಮಾರ್ಗದ ಹೊಣೆ ಯಾರದು ಎನ್ನುವುದನ್ನೂ ಅದೇ ಮನವಿಯಲ್ಲಿ ಬರೆಸಿಕೊಳ್ಳಬೇಕು.